ಎರಡು ಲೀಟರ್ ಸಿಹಿನೀರು

ಈ ಬೇಸಿಗೆಯಲ್ಲಿ, ಮಾರ್ಚ್ ಶುರುವಿಗೇ, ನಮ್ಮ ಮನೆಗೂ ಏಸಿ ಬಂತು. ಹಾವೇರಿಯಲ್ಲಿ ನಾವಿರುವುದು ಮಹಡಿಯ ಮೇಲಿನ ಮನೆ. ಅದರ ಮೇಲೆ ಬರಿಯ ತಾರಸಿ. ಏಪ್ರಿಲ್ ಬಂತೆಂದರೆ ಮಧ್ಯಾಹ್ನ ಗೋಡೆಗೆ ಕೈಯಿಟ್ಟರೆ ಕಾದ ಹಂಚು ಮುಟ್ಟಿದ ಹಾಗಾಗುತ್ತದೆ. ಇಷ್ಟು ವರ್ಷ ತಾಳಿಕೊಂಡಿದ್ದ ನಮ್ಮ ಮನೆಯವರು ಈ ಸಲ ತಾಳಲಿಲ್ಲ. ಏಸಿ ಕೂಡಿಸಲು ಬಂದ ಮಿಸ್ತ್ರಿ ಎಲ್ಲವನ್ನೂ ಒಪ್ಪವಾಗಿ ಮಾಡಿ, ನೀರು ಹೋಗುವ ಸಣ್ಣ ಪೈಪನ್ನು ಮಾತ್ರ ಬಾಲ್ಕನಿಯ ಆಚೆ ಜೋತುಬಿಟ್ಟು ಹೋದ. ಕೆಳಗೆ ಮನೆ ಮಾಲೀಕರ ಸ್ಕೂಟರು. ಅದರ ಸೀಟಿನ ಮೇಲೆ ನೀರು ಟಪ್ ಟಪ್ ಎಂದು ಬೀಳುವುದನ್ನು ಕಂಡು, ಅವರ ಕಣ್ಣಿಗೆ ಬೀಳುವ ಮೊದಲೇ ಪೈಪನ್ನು ಒಳಗೆಳೆದು ಅದರ ಬಾಯಿಗೆ ಒಂದು ಬಕೆಟ್ ಇಟ್ಟೆ.

ಸಂಜೆಗೆ ಬಕೆಟ್ ಅರ್ಧ ತುಂಬಿತ್ತು. ಇಷ್ಟು ತಿಳಿಯಾದ ನೀರನ್ನು ಚೆಲ್ಲುವ ಮನಸ್ಸು ನನಗೆಲ್ಲಿ ಬರಬೇಕು? ಬಗ್ಗಿ ಮೂಸಿದೆ. ಯಾವ ವಾಸನೆಯೂ ಇರಲಿಲ್ಲ. ಆದರೂ ನಂಬಿ, ನನ್ನ ಮೂಗಿಗೆ ಒಣಮೆಣಸಿನಕಾಯಿಯ ಘಾಟು ಬಂದ ಹಾಗಾಗಿ ಒಂದು ಸೀನು ಕೂಡ ಬಂತು.

"ಬಕೆಟ್ಟಿನ್ಯಾಗ ಏನ್ ಹುಡುಕಾಕತ್ತೀ?" ಒಳಗಿನಿಂದ ನಮ್ಮ ಮನೆಯವರು ಕೇಳಿದರು.

"ಏನಿಲ್ರಿ, ನೀರು."

"ಕುಡದ್ ಗಿಡದೀ ಮತ್ತ!"

ಕುಡಿಯಲಿಲ್ಲ. ಆದರೆ ಆ ಬಕೆಟ್ಟಿನ ಪಕ್ಕದಲ್ಲಿ ಬಹಳ ಹೊತ್ತು ಕುಳಿತೆ. ಅಂಥದೇ ನೀರನ್ನು ಹದಿನೆಂಟು ವರ್ಷದ ಹಿಂದೆ ಬ್ಯಾಡಗಿಯಲ್ಲಿ ನಾನು ಸ್ಟೀಲಿನ ಪಾತ್ರೆಯೊಂದರಲ್ಲಿ ಹಿಡಿದಿದ್ದೆ. ಯಾಕೆ ಹಿಡಿಯಬೇಕಾಯಿತು ಎಂಬುದರಲ್ಲಿ ನನ್ನದೊಂದು ತಪ್ಪಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ.

ನಮ್ಮ ಕಡೆಯ ಮನೆಗಳಲ್ಲಿ ನೀರು ಒಂದಲ್ಲ, ಎರಡು. ಕೊಳವೆಬಾವಿಯಿಂದ ಬರುವುದು ಸವಳು, ಅಂದರೆ ಉಪ್ಪುಪ್ಪಾದ ನೀರು. ಸ್ನಾನ, ಬಟ್ಟೆ, ಪಾತ್ರೆ ಎಲ್ಲ ಅದರಲ್ಲೇ. ಹೊಳೆಯಿಂದ ನಳದಲ್ಲಿ ಬರುವುದು ಸಿಹಿನೀರು. ಅದು ಕುಡಿಯಲು ಮತ್ತು ಅಡುಗೆಗೆ. ಸವಳು ನೀರು ಸ್ವಿಚ್ಚು ಒತ್ತಿದರೆ ಬರುತ್ತದೆ, ಸಿಹಿನೀರು ಅದರ ಮರ್ಜಿ ಬಂದಾಗ. ಬ್ಯಾಡಗಿಯ ಮನೆಯಲ್ಲಿದ್ದಾಗ ನಮಗೆ ಎಂಟು ದಿನಕ್ಕೊಮ್ಮೆ, ಕೆಲವು ಸಲ ಹತ್ತಕ್ಕೊಮ್ಮೆ ಬರುತ್ತಿತ್ತು. ಬಂದ ದಿನ ಕೊಡ, ಹಂಡೆ, ಕೊಳಗ, ಕೊನೆಗೆ ಚಹದ ಕಿಟ್ಲಿಯವರೆಗೂ ತುಂಬಿಡಬೇಕು. ತುಂಬಿಡುವುದು ಮನೆಯ ಹಿರೇ ಸೊಸೆಯಾದ ನನ್ನ ಕೆಲಸ. ನೀರು ಬಂದ ದಿನಕ್ಕೆ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಒಂದು ಸುತ್ತು ಹಾಕುತ್ತಿದ್ದೆ. ಗ್ಯಾಸು ಬಂದ ದಿನಕ್ಕೆ ಒಂದು ತ್ರಿಕೋನ, ಹಾಲಿನವನು ತಪ್ಪಿಸಿದ ದಿನಕ್ಕೆ ಅಡ್ಡಗೆರೆ. ಯಾವ ನೀರು ಎಷ್ಟು, ಯಾರಿಗೆ ಹೋಯಿತು ಎಂಬುದೂ ಚೌಕದೊಳಗೆ ಸಣ್ಣ ಅಕ್ಷರದಲ್ಲಿ ಇರುತ್ತಿತ್ತು. ಮನೆಮಂದಿ ನಗುತ್ತಿದ್ದರು. ನಗಲಿ ಬಿಡಿ, ಹಳೆಯ ಕ್ಯಾಲೆಂಡರುಗಳನ್ನೆಲ್ಲ ಸುರುಳಿ ಸುತ್ತಿ ಟ್ರಂಕಿನಲ್ಲಿ ಇಂದಿಗೂ ಇಟ್ಟಿದ್ದೇನೆ.

ಸಿಹಿನೀರನ್ನು ಕುಡಿಯಲು, ಅಡುಗೆಗೆ ಅಲ್ಲದೆ ಬೇರೆ ಯಾವುದಕ್ಕೂ ಮುಟ್ಟಬಾರದು ಎಂಬುದು ನಮ್ಮ ಅತ್ತೆಯವರ ಕಟ್ಟಳೆ. ತುಳಸಿಗೂ ಸವಳೇ. "ತುಳಸವ್ವ ತಾಳ್ಕೋತಾಳ, ಮಂದಿ ತಾಳಂಗಿಲ್ಲ" ಎನ್ನುತ್ತಿದ್ದರು. ನನಗೂ ಅದೇ ಮೈಗೆ ಹತ್ತಿತು. ಇಂದಿಗೂ ಸಿಹಿನೀರಿನಲ್ಲಿ ಯಾರಾದರೂ ಕೈ ತೊಳೆದರೆ ನಳ ನಿಲ್ಲಿಸಲು ನನ್ನ ಕೈ ತಾನೇ ಮುಂದೆ ಹೋಗುತ್ತದೆ.

ಸುಮಂಗಲಾ ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ. ಬಿಎಸ್ಸಿ, ಬಿಎಡ್ ಮುಗಿಸಿ ನಮ್ಮ ಮನೆಗೆ ಬಂದವಳು. ರಾಣೆಬೆನ್ನೂರಿನ ಒಂದು ಹೈಸ್ಕೂಲಿನಲ್ಲಿ ಮೂರು ವರ್ಷದಿಂದ ತಾತ್ಕಾಲಿಕ ಕೆಲಸ ಮಾಡುತ್ತಿದ್ದಳು. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುವವಳು. ಆ ವರ್ಷ ಶಾಲೆಯಲ್ಲಿ ವಿಜ್ಞಾನದ ಒಂದು ಕಾಯಂ ಹುದ್ದೆ ತೆರೆಯಿತು. ಹುದ್ದೆ ಒಂದು, ಮಂದಿ ಇಬ್ಬರು. ಇನ್ನೊಬ್ಬರು ಹಾವೇರಿಯ ಮಾಸ್ತರು. ಇಬ್ಬರೂ ಕಮಿಟಿಯವರ ಎದುರು ಒಂಬತ್ತನೆಯ ವರ್ಗಕ್ಕೆ ಒಂದೊಂದು ಪಾಠ ಮಾಡಿ ತೋರಿಸಬೇಕು, ಛಲೋ ಮಾಡಿದವರಿಗೆ ಕೆಲಸ, ಆಗದವರು ಬೇಸಿಗೆ ರಜೆಗೆ ಮನೆಗೆ. ಹಾವೇರಿಯ ಮಾಸ್ತರು ಕನ್ನಡಿ, ಬೆಳಕು ಎಂದು ಪಾಠ ಮಾಡಿ ಮಕ್ಕಳನ್ನು ಕುಣಿಸಿಬಿಟ್ಟರಂತೆ. ಸುಮಂಗಲಾಳ ಪಾಲಿಗೆ ಬಂದದ್ದು ರಾಸಾಯನಿಕ ಬಂಧ.

"ಬೆಳಕು ಕಣ್ಣಿಗೆ ಕಾಣತೈತಿ ಅಕ್ಕಾ. ಬಂಧ ಯಾರಿಗೆ ಕಾಣತೈತಿ ಹೇಳ್ರಿ?" ಎಂದು ಅವಳು ತಲೆಗೆ ಕೈ ಹಚ್ಚಿ ಕುಳಿತಳು. ಮರುದಿನ ತಾನೇ ಎದ್ದು, "ಬಂಧ ಕಾಣಂಗಿಲ್ಲ, ಅದರ ಗುಣ ಕಾಣಬಹುದಲ್ಲ" ಎಂದು ನನ್ನ ಅಡುಗೆಮನೆಗೆ ಬಂದಳು. ಹೀಗಾಗಿ ಪಿಯುಸಿ ಆರ್ಟ್ಸ್ ಓದಿದ ನಾನು ಒಂದು ವಾರ ರಸಾಯನಶಾಸ್ತ್ರದ ವಿದ್ಯಾರ್ಥಿನಿಯಾದೆ. ಜೊತೆಗೆ ಅತ್ತೆಯವರು, ಕಟ್ಟೆಯ ಮೇಲೆ ಕುಳಿತು ಟೀಕೆ ಮಾಡಲು.

ಮೊದಲ ದಿನ ಹರಳುಪ್ಪಿನ ಒಂದು ದೊಡ್ಡ ಹರಳನ್ನು ಒರಳಕಟ್ಟೆಯ ಮೇಲಿಟ್ಟು ಗುಂಡುಕಲ್ಲಿನಿಂದ ಮೆಲ್ಲಗೆ ಹೊಡೆದಳು. ಪಟ್ಟೆಂದು ಒಡೆದು ಚೂರಾಯಿತು. ಆಮೇಲೆ ಹಳೆಯ ವೈರಿನಿಂದ ತೆಗೆದ ತಾಮ್ರದ ತಂತಿಯನ್ನಿಟ್ಟು ಹೊಡೆದಳು. ಅದು ಒಡೆಯಲಿಲ್ಲ, ಚಪ್ಪಟೆಯಾಯಿತು.

"ಉಪ್ಪು ಒಡ್ಯಾಕ ಬಿಎಸ್ಸಿ ಕಲೀಬೇಕೇನ ನಮ್ಮವ್ವಾ?" ಎಂದರು ಅತ್ತೆ.

"ಒಡ್ಯಾಕ ಬ್ಯಾಡ್ರಿ ಅತ್ಯಾರ. ಯಾಕ ಒಡೀತು ಅಂತ ಹೇಳಾಕ ಬೇಕು."

ಅವಳು ಹೇಳಿದ್ದನ್ನು ನನಗೆ ತಿಳಿದ ಮಟ್ಟಿಗೆ ಹೇಳುತ್ತೇನೆ, ತಪ್ಪಿದ್ದರೆ ನನ್ನದು. ಉಪ್ಪಿನೊಳಗೆ ಒಂದು ಪರಮಾಣು ಇನ್ನೊಂದಕ್ಕೆ ತನ್ನ ಎಲೆಕ್ಟ್ರಾನನ್ನು ಕೊಟ್ಟುಬಿಟ್ಟಿರುತ್ತದೆ. ಕೊಟ್ಟದ್ದು ಧನ, ಇಸಿದುಕೊಂಡದ್ದು ಋಣ. ಇವಕ್ಕೆ ಅಯಾನು ಎಂದು ಹೆಸರು. ಧನದ ಪಕ್ಕ ಋಣ, ಋಣದ ಪಕ್ಕ ಧನ, ಹೀಗೆ ಸಾಲಾಗಿ ಒಂದನ್ನೊಂದು ಬಿಗಿಯಾಗಿ ಎಳೆದುಕೊಂಡು ಕುಳಿತಿರುತ್ತವೆ. ಅದಕ್ಕೇ ಉಪ್ಪು ಅಷ್ಟು ಗಟ್ಟಿ. ಕಾದ ಹಂಚಿನ ಮೇಲೆ ಹಾಕಿದರೂ ಚಟಪಟ ಎಂದೀತೇ ಹೊರತು ಕರಗುವುದಿಲ್ಲ. ಆದರೆ ಒಂದು ಏಟು ಬಿದ್ದು ಒಂದು ಸಾಲು ಒಂದಿಷ್ಟು ಜರುಗಿತೋ, ಧನದ ಎದುರು ಧನವೇ ಬಂದು ನಿಲ್ಲುತ್ತದೆ. ಆಗ ಒಂದನ್ನೊಂದು ತಳ್ಳುತ್ತವೆ. ಹರಳು ಬಿರಿಯುತ್ತದೆ. ತಾಮ್ರದಲ್ಲಿ ಹಾಗಲ್ಲ. ಅಲ್ಲಿ ಕೆಲವು ಎಲೆಕ್ಟ್ರಾನುಗಳು ಯಾರ ಸ್ವಂತವೂ ಅಲ್ಲ, ಊರ ಬಾವಿಯ ನೀರಿನ ಹಾಗೆ ಎಲ್ಲರಿಗೂ ಸೇರಿದ್ದು. ಸಾಲು ಜರುಗಿದರೂ ಅವು ನಡುವೆ ಹರಿದಾಡುತ್ತ ಹಿಡಿದುಕೊಂಡೇ ಇರುತ್ತವೆ. ಹಾಗಾಗಿ ಬಡಿದರೆ ತಗಡಾಗುತ್ತದೆ, ಎಳೆದರೆ ತಂತಿಯಾಗುತ್ತದೆ, ವಿದ್ಯುತ್ತೂ ಹರಿಯುತ್ತದೆ.

ಸಕ್ಕರೆ ಮೂರನೆಯ ತರಹ. ಅದರೊಳಗಿನ ಪರಮಾಣುಗಳು ಕೊಡುವುದಿಲ್ಲ, ಇಸಿದುಕೊಳ್ಳುವುದಿಲ್ಲ, ಎಲೆಕ್ಟ್ರಾನುಗಳನ್ನು ಜೋಡಿಯಲ್ಲಿ ಹಂಚಿಕೊಂಡಿರುತ್ತವೆ. ಅಣುವಿನ ಒಳಗೆ ಹಿಡಿತ ಬಿಗಿ, ಅಣು ಅಣುವಿನ ನಡುವೆ ಸಡಿಲ. ಹಂಚಿನ ಮೇಲೆ ಸಕ್ಕರೆ ಬಲು ಬೇಗ ಕರಗಿ ಕೆಂಪಾಯಿತು. ಕರ್ಪೂರವಂತೂ ಕರಗುವ ಕಷ್ಟವನ್ನೂ ತೆಗೆದುಕೊಳ್ಳದೆ ಹೊಗೆಯಾಗಿ ಹಾರಿತು.

"ಕರ್ಪೂರ ದೇವರ ಮುಂದ ಹಚ್ಚೂದು, ರೊಟ್ಟಿ ಹಂಚಿನ ಮ್ಯಾಲಲ್ಲ!" ಎಂದು ಅತ್ತೆ ಎದ್ದೇಬಿಟ್ಟರು. ಮೂರು ದಿನ ನಮ್ಮ ರೊಟ್ಟಿಗಳಲ್ಲಿ ದೇವರ ಕೋಣೆಯ ವಾಸನೆ ಇತ್ತು. ಆದರೂ ಅವರಿಗೆ ಒಳಗೊಳಗೆ ಕುತೂಹಲ. ಟಾರ್ಚಿನ ಹಳೆಯ ಸೆಲ್ಲುಗಳನ್ನು ಒಡೆದು ಸುಮಂಗಲಾ ಎರಡು ಕರಿ ಕಡ್ಡಿಗಳನ್ನು ತೆಗೆದಾಗ ಅದೇನೆಂದು ಕೇಳಿದರು. ಅದು ಇಂಗಾಲ, ಪೆನ್ಸಿಲಿನ ಒಳಗಿರುವುದೂ ಅದೇ, ಪದರ ಪದರವಾಗಿ ಜಾರುವುದರಿಂದ ಕಾಗದದ ಮೇಲೆ ಬರೆಯುತ್ತದೆ, ಅದೇ ಇಂಗಾಲ ನಾಲ್ಕೂ ಕಡೆ ಬಿಗಿದುಕೊಂಡು ಕುಳಿತರೆ ವಜ್ರ ಎಂದಳು ಅವಳು. ಅತ್ತೆಯವರ ಕೈ ತಟ್ಟನೆ ತಮ್ಮ ವಜ್ರದ ಮೂಗುಬೊಟ್ಟಿಗೆ ಹೋಯಿತು.

"ನನ್ನ ಮೂಗಿನ್ಯಾಗಿಂದು ಇದ್ದಲಿ ಅಂತೀ?"

"ಇದ್ದಲಿ ಅಲ್ರಿ. ಇದ್ದಲಿ ಮನಿತನದ್ದು."

ಪಾಠದ ಮುಖ್ಯ ಪ್ರಯೋಗ ಒಂದೇ. ಎರಡು ಕರಿ ಕಡ್ಡಿ, ಒಂದು ಚೌಕ ಬ್ಯಾಟರಿ, ಒಂದು ಸಣ್ಣ ಬಲ್ಬು. ಕಡ್ಡಿಗಳನ್ನು ನೀರಿನಲ್ಲಿ ಅದ್ದಿದರೆ, ನೀರಿನಲ್ಲಿ ಉಪ್ಪು ಇದ್ದರೆ ಬಲ್ಬು ಹತ್ತಬೇಕು. ಉಪ್ಪು ನೀರಿಗೆ ಬಿದ್ದೊಡನೆ ಅಯಾನುಗಳು ಬಿಡಿಬಿಡಿಯಾಗಿ ಅಡ್ಡಾಡುತ್ತವೆ, ವಿದ್ಯುತ್ತನ್ನು ಹೊರುತ್ತವೆ. ಸಕ್ಕರೆ ಕರಗಿದ ನೀರಿನಲ್ಲಿ ಹತ್ತಬಾರದು. ಸಕ್ಕರೆಯ ಅಣು ಕರಗಿದರೂ ಇಡಿಯಾಗಿಯೇ ಇರುತ್ತದೆ, ಹೊರಲು ಅಲ್ಲಿ ಯಾರೂ ಇಲ್ಲ. ಕಾಲೇಜಿನಲ್ಲಿ ಅವರು ಟಾರ್ಚಿನ ಬಲ್ಬು ಹಚ್ಚುತ್ತಿದ್ದರಂತೆ. ಹಿಂದಿನ ಬೆಂಚಿಗೂ ಕಾಣಲಿ ಎಂದು ಇವಳು ರೇಡಿಯೋ ರಿಪೇರಿ ಅಂಗಡಿಯಿಂದ ಕೆಂಪು ಎಲ್‌ಇಡಿ ತಂದಳು. ಒಂದಿಷ್ಟೇ ವಿದ್ಯುತ್ ಸಿಕ್ಕರೂ ಅದು ಮಿನುಗುತ್ತದೆ. ಉಪ್ಪಿನ ನೀರಿನಲ್ಲಿ ಅದ್ದಿ ನೋಡಿದಳು. ಕೆಂಡದ ಹಾಗೆ ಹತ್ತಿತು. ಸಾಕು ಎಂದು ಎತ್ತಿಟ್ಟಳು.

ಶುಕ್ರವಾರ ಸಂಜೆ ನನಗೆ ಹೇಳಿದಳು: "ಅಕ್ಕಾ, ನಾಳಿಗೆ ಕ್ಯಾನಿಗೆ ಎರಡು ಲೀಟರ್ ಸಿಹಿನೀರು ತುಂಬಿಡ್ರಿ. ಶಾಲ್ಯಾಗ ಬೋರಿನ ನೀರು ಐತಿ, ಸವಳು. ಅದು ನಡೆಂಗಿಲ್ಲ."

ಸ್ಪಷ್ಟವಾಗಿ ಹೇಳಿದ್ದಳು. ನಾನೂ ಸ್ಪಷ್ಟವಾಗಿ ಕೇಳಿಸಿಕೊಂಡಿದ್ದೆ. ಆದರೆ ಅವತ್ತಿಗೆ ನಳ ಬಂದು ಹನ್ನೊಂದು ದಿನ. ಮನೆಯಲ್ಲಿ ಉಳಿದದ್ದು ಒಂದೂವರೆ ಕೊಡ, ಉಣ್ಣುವವರು ಎಂಟು ಮಂದಿ. ಶನಿವಾರ ಬೆಳಿಗ್ಗೆ ಕ್ಯಾನು ಹಿಡಿದು ಕೊಡದ ಮುಂದೆ ನಿಂತೆ. ಬಲ್ಬು ಹತ್ತಿಸುವ ನೀರನ್ನು ಯಾರು ಕುಡಿಯುತ್ತಾರೆ? ಪಾಠ ಮುಗಿದ ಮೇಲೆ ಶಾಲೆಯ ಮೋರಿಗೇ ತಾನೇ ಹೋಗುವುದು? ಕಾಣಲು ಎರಡೂ ಒಂದೇ. ಹಾಗೆ ಯೋಚಿಸಿ ಹಿತ್ತಲಿಗೆ ಹೋಗಿ ಬೋರಿನ ನಳದಿಂದ ತುಂಬಿ, ಮುಚ್ಚಳ ಬಿಗಿದು, ಒರೆಸಿ ಅವಳ ಕೈಗೆ ಕೊಟ್ಟೆ. ಉಳಿಸಿದ ಎರಡು ಲೀಟರಿನ ಸಮಾಧಾನದಲ್ಲಿ ಆ ದಿನ ಬೇಳೆ ಬಹಳ ಚೆನ್ನಾಗಿ ಬೆಂದಿತು.

ಶನಿವಾರದ ಶಾಲೆ ಬೇಗ ಬಿಡುತ್ತದೆ. ಮಧ್ಯಾಹ್ನದ ಬಸ್ಸಿಗೆ ಬಂದವಳು ಚಪ್ಪಲಿ ಬಿಡದೆ ಪಡಸಾಲೆಯಲ್ಲೇ ಕುಳಿತಳು.

"ಏನಾತ?" ಎಂದರು ಅತ್ತೆ.

"ಉಪ್ಪಿನ ನೀರಿನ್ಯಾಗ ಹತ್ತಿತ್ರಿ. ಹುಡುಗ್ರು ಚಪ್ಪಾಳಿ ಹೊಡೆದ್ರು. ಸಕ್ಕರಿ ನೀರಿನ್ಯಾಗ ಇಟ್ಟೆ. ಅದರಾಗೂ ಹತ್ತಿತು."

"ಹತ್ತಿದ್ರ ಛಲೋನ ಆತಲ್ಲ?"

"ಹತ್ತಬಾರದಿತ್ರಿ ಅತ್ಯಾರ! ಹತ್ತಂಗಿಲ್ಲ ನೋಡ್ರಿ ಅಂತ ಹೇಳೇ ಇಟ್ಟಿದ್ದೆ. ಕಮಿಟಿಯವರೊಬ್ಬರು, 'ಏನ್ರಿ, ನಿಮ್ಮ ಸಕ್ಕರಿ ಉಪ್ಪಿನಕಿಂತ ಜೋರ ಐತಲ್ಲ' ಅಂದ್ರು. ಎಲ್ಲಾರೂ ನಕ್ಕರು."

ಹೆಡ್‌ಮಾಸ್ತರು ಒಳ್ಳೆಯವರು. ಸೋಮವಾರ ಇನ್ನೊಮ್ಮೆ ಮಾಡಿ, ಕಮಿಟಿಯವರನ್ನು ಕೂಡಿಸುವ ಜವಾಬ್ದಾರಿ ನನ್ನದು ಎಂದಿದ್ದರಂತೆ. ಅದೂ ಕೆಟ್ಟರೆ ಹುದ್ದೆ ಹಾವೇರಿಯ ಮಾಸ್ತರಿಗೆ. ಸುಮಂಗಲಾ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದಳು. "ನನ್ನ ಕೈಗೇ ಉಪ್ಪು ಹತ್ತಿತ್ತೋ ಏನೋ. ಚಮಚಾ ಬದಲಿ ಮಾಡಿದ್ದೆ. ಲೋಟ ಒರೆಸಿದ್ದೆ." ಆಮೇಲೆ ತಲೆಯೆತ್ತಿ ನನ್ನನ್ನು ಕೇಳಿದಳು: "ಅಕ್ಕಾ, ಕ್ಯಾನಿಗೆ ಯಾವ ನೀರು ತುಂಬಿದ್ರಿ?"

ಅತ್ತೆ ನನ್ನ ಕಡೆ ನೋಡಿದರು. ಬಾಗಿಲಲ್ಲಿ ಮೈದುನ ನಿಂತಿದ್ದ.

"ಸಿಹಿನೀರು," ಎಂದೆ. "ನೀ ಹೇಳಿದ್ದೆಲ್ಲ? ಮತ್ಯಾವುದು ತುಂಬಲಿ?"

ಅಷ್ಟೇ ಆಗಿದ್ದರೆ ಒಂದು ಮಾತು. ನಾನು ಎದ್ದು ಹೋಗಿ, ಅವಳು ನೋಡಿಯಾಳು ಎಂಬ ಹೆದರಿಕೆಯಿಂದ, ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಪೆನ್ಸಿಲಿನಿಂದ 'ಸು. ಶಾಲೆ, ಸಿಹಿ ೨ ಲೀ.' ಎಂದು ಬರೆದೆ. ನನ್ನ ಕ್ಯಾಲೆಂಡರಿನಲ್ಲಿ ನಾನು ಬರೆದ ಸುಳ್ಳು ಅದೊಂದೇ.

ಅವಳು ನನ್ನ ಮಾತನ್ನು ನಂಬಿದಳು. ಹಾಗಾದರೆ ಸಿಹಿನೀರಿನಲ್ಲೂ ಈ ಬಲ್ಬಿಗೆ ಸಾಕಾಗುವಷ್ಟು ಲವಣ ಇದೆ, ಭಟ್ಟಿ ಇಳಿಸಿದ ನೀರೇ ಬೇಕು ಎಂದಳು. ಮೈದುನ ಬ್ಯಾಟರಿ ಅಂಗಡಿಯಿಂದ ಅಂಥ ನೀರಿನ ಒಂದು ಡಬ್ಬಿ ತಂದ. ಸಕ್ಕರೆ ಹಾಕುವ ಮೊದಲೇ ಅದರಲ್ಲಿ ಬಲ್ಬು ಹತ್ತಿತು. ಯಾರೋ ಪುಣ್ಯಾತ್ಮರು ನಳದ ನೀರನ್ನೇ ತುಂಬಿದ್ದರು. ಭಾನುವಾರ ಬೆಳಿಗ್ಗೆ ಉಪ್ಪಿಟ್ಟು ತಿನ್ನುತ್ತ ನಮ್ಮ ಮನೆಯವರು ಬೇರೆ ಯಾವುದೋ ಮಾತಿಗೆ, "ಕೋಲ್ಡ್ ಸ್ಟೋರೇಜಿನ್ಯಾಗ ಪೈಪಿನ ಬರ್ಫ ಕರಗಿ ನೀರು ಸುರಿಯಾಕತ್ತೈತಿ, ನಮ್ಮ ಚೀಲ ಸರಿಸಿಡಬೇಕು" ಎಂದರು. ಅವರದು ಆಗ ಮೆಣಸಿನಕಾಯಿ ದಲಾಲಿ ವ್ಯಾಪಾರ. ಬಿಸಿಲು ತಾಗಿದರೆ ಬ್ಯಾಡಗಿ ಕಾಯಿಯ ಬಣ್ಣ ಬಿಳುಚುತ್ತದೆಂದು ಚೀಲಗಳನ್ನು ಕತ್ತಲೆಯ ತಂಪು ಕೋಣೆಯಲ್ಲಿಡುತ್ತಾರೆ.

ಸುಮಂಗಲಾಳ ಕೈಯಲ್ಲಿನ ಚಮಚ ತಾಟಿಗೆ ಬಿತ್ತು. "ಭಾವಾರ, ಆ ನೀರು ಗಾಳ್ಯಾಗಿಂದು! ಗಾಳ್ಯಾಗಿನ ಆವಿ ತಂಪಿಗೆ ಬರ್ಫ ಆಗಿದ್ದು. ನೆಲಾ ಮುಟ್ಟಿಲ್ಲ. ಅದರಾಗ ಉಪ್ಪು ಎಲ್ಲಿಂದ ಬರಬೇಕ್ರಿ?"

ನಾವಿಬ್ಬರೂ ಹೋದೆವು. ಉರಿಬಿಸಿಲಿನಲ್ಲಿ ಸ್ವೆಟರು, ಮಂಕಿ ಟೋಪಿ ಹಾಕಿಕೊಂಡ ಫಕ್ಕೀರಪ್ಪ ಎಂಬ ಮುದುಕ ಅಲ್ಲಿಯ ಕಾವಲುಗಾರ. ನಾವು ಬಂದ ಕಾರಣ ಕೇಳಿ ಅವನಿಗೆ ನಗು ತಡೆಯಲಾಗಲಿಲ್ಲ.

"ಊರ ಮಂದಿ ಇಲ್ಲಿಗೆ ಕಾಯಿ ಒಯ್ಯಾಕ ಬರ್ತಾರ. ನೀವು ಇದರ ಬೆವರು ಒಯ್ಯಾಕ ಬಂದೀರಿ?"

"ಹೌದಜ್ಜಾ, ಬೆವರ ಬೇಕು," ಎಂದಳು ಸುಮಂಗಲಾ. ನೀರು ಬಂದು ಸೇರುವ, ತೊಟ್ಟಿಯಂಥ ತಗಡಿನ ದೋಣಿಯಿಂದ ಅವನು ತುಂಬಿಕೊಡಲು ಹೋದ. ದೋಣಿಯದು ಬೇಡ, ತಗಡಿನ ಜಂಗು, ತುಕ್ಕು ಬಿಟ್ಟಿರುತ್ತದೆ ಎಂದು ಅವಳು ಬಿಡಲಿಲ್ಲ. ನಾನು ಬೆಳಗಿದ ಸ್ಟೀಲಿನ ಪಾತ್ರೆಯನ್ನು ನೇರವಾಗಿ ಪೈಪಿನ ಕೆಳಗೆ ಹಿಡಿದು ನಿಂತೆ. ಚಳಿಗೆ ಬೆರಳು ಮರಗಟ್ಟಿದವು. ಮೆಣಸಿನಕಾಯಿಯ ಘಾಟಿಗೆ ಕಣ್ಣು, ಮೂಗು ಎಲ್ಲ ಸೋರತೊಡಗಿದವು. ಪಾತ್ರೆ ತುಂಬಲು ಮುಕ್ಕಾಲು ತಾಸು ಬೇಕಾಯಿತು. ಈಗಲಾದರೂ ಹೇಳಿಬಿಡಬೇಕು ಎಂದು ಎರಡು ಸಲ ಬಾಯಿ ತೆರೆದೆ. ಎರಡು ಸಲವೂ ಸೀನು ಬಂತು.

ಮನೆಗೆ ತಂದು ಅದ್ದಿ ನೋಡಿದರೆ ಬಲ್ಬು ಹತ್ತಲಿಲ್ಲ. ಸಕ್ಕರೆ ಹಾಕಿದರೂ ಹತ್ತಲಿಲ್ಲ. ಬಲ್ಬು ಹತ್ತದೆ ಇದ್ದುದಕ್ಕೆ ಎಂಟು ಮಂದಿ ಖುಷಿಪಟ್ಟ ಮನೆ ಊರಲ್ಲಿ ನಮ್ಮದೊಂದೇ ಇರಬೇಕು.

ಸೋಮವಾರ ಕ್ಯಾನು ಹೊತ್ತುಕೊಂಡು ನಾನೇ ಅವಳ ಜೊತೆ ಬಸ್ಸು ಹತ್ತಿದೆ. "ನೀವ್ಯಾಕ ಅಕ್ಕಾ?" ಎಂದಳು. "ತುಳುಕಿ ಗಿಳುಕೀತು" ಎಂದೆ. ಶಾಲೆಯ ವರಾಂಡದ ಬೆಂಚಿನಲ್ಲಿ ಕುಳಿತರೆ ಕಿಟಕಿಯಿಂದ ವರ್ಗ ಅರ್ಧ ಕಾಣುತ್ತಿತ್ತು. ಮೊದಲು ಬರಿಯ ನೀರು, ಬಲ್ಬು ಹತ್ತಲಿಲ್ಲ. ಸಕ್ಕರೆ ಹಾಕಿದಳು, ಹತ್ತಲಿಲ್ಲ. ಇನ್ನೊಂದು ಲೋಟದ ಅದೇ ನೀರಿಗೆ ಒಂದು ಚಿಟಿಕೆ ಉಪ್ಪು ಹಾಕಿದಳು, ಕೆಂಪಗೆ ಹತ್ತಿತು. ಕಮಿಟಿಯ ಮಂದಿ ತಲೆಯಾಡಿಸಿದರು. ಅಷ್ಟಕ್ಕೇ ಮುಗಿಯಿತು ಎಂದು ನಾನು ಉಸಿರು ಬಿಡುವಷ್ಟರಲ್ಲಿ, ಮುಂದಿನ ಬೆಂಚಿನ ಎರಡು ಜಡೆಯ ಹುಡುಗಿಯೊಬ್ಬಳು ಎದ್ದು ನಿಂತಳು.

"ಟೀಚರ್, ನೀರು ಮೆಣಸಿನಕಾಯಿ ವಾಸನಿ ಬರಾಕತ್ತೈತ್ರಿ. ನೀರಿನ್ಯಾಗ ಖಾರ ಐತಿ. ಆದ್ರ ಬಲ್ಬು ಯಾಕ ಹತ್ತಲಿಲ್ರಿ?"

ವರ್ಗವೆಲ್ಲ ಗೊಳ್ಳೆಂದಿತು. ನಾನು ಬೆಂಚಿನಿಂದ ಅರ್ಧ ಎದ್ದೆ. ಸುಮಂಗಲಾ ಸೀಮೆಸುಣ್ಣ ಕೆಳಗಿಟ್ಟು ಮನೆಯಲ್ಲಿ ಮಾತಾಡುವ ಹಾಗೆ ಕೇಳಿದಳು: "ಛಲೋ ಕೇಳಿದಿ ನೋಡು. ಮೆಣಸಿನಕಾಯಿ ಕಡಿದು ಬಾಯಿ ಉರಿದ್ರ ನಿಮ್ಮವ್ವ ನೀರು ಕೊಡ್ತಾಳೋ, ಮೊಸರು ಕೊಡ್ತಾಳೋ?"

"ಮೊಸರ್ರಿ. ನೀರು ಕುಡದ್ರ ಉರಿ ಹೋಗಂಗಿಲ್ಲ."

"ಯಾಕ ಹೋಗಂಗಿಲ್ಲ? ಖಾರದ ಅಣು ನೀರಿಗೆ ಸೇರಂಗಿಲ್ಲ, ಜಿಡ್ಡಿಗೆ ಸೇರತೈತಿ. ಒಗ್ಗರಣಿ ಎಣ್ಣಿಗೆ ಬಣ್ಣ ಇಳೀತೈತಿ, ಬರೇ ನೀರಿಗೆ ಇಳಿಯಂಗಿಲ್ಲ, ಹೌದಲ್ಲ? ಅದೂ ಸಕ್ಕರಿ ಹಂಗ ಹಂಚಿಕೊಂಡ ಬಂಧದ್ದು. ಒಂದಿಷ್ಟು ನೀರಿನ್ಯಾಗ ಇದ್ರೂ ಇಡೀ ಅಣು ಆಗೇ ಇರತೈತಿ, ಅಯಾನು ಆಗಿ ಬಿಡಂಗಿಲ್ಲ. ಮೂಗಿಗೆ ತಿಳೀತೈತಿ, ಬಲ್ಬಿಗೆ ತಿಳಿಯಂಗಿಲ್ಲ."

ಹಿಂದಿನ ಬೆಂಚಿನಲ್ಲಿ ಕುಳಿತಿದ್ದ, ಶನಿವಾರ ಚೇಷ್ಟೆ ಮಾಡಿದ್ದ ಕಮಿಟಿಯವರು ಪಕ್ಕದವರಿಗೆ, "ಇದು ನನಗೂ ಗೊತ್ತಿರಲಿಲ್ಲ ಬಿಡ್ರಿ" ಎಂದದ್ದು ನನಗೆ ಕೇಳಿಸಿತು. ಹದಿನೈದು ದಿನಕ್ಕೆ ಆದೇಶ ಕೈಗೆ ಬಂತು.

ಮನೆಯವರೆಲ್ಲ ಸಂತೋಷಪಟ್ಟರು, ನಾನೂ ಪಟ್ಟೆ. ಆದರೆ ಒಳಗೆ ಸಣ್ಣದೊಂದು ಹರಳು ಕುಳಿತುಬಿಟ್ಟಿತು. ವರ್ಷಗಳು ಹೋದವು. ಅತ್ತೆ ಹೋದರು. ಮೆಣಸಿನಕಾಯಿ ವ್ಯಾಪಾರ ಬಿಟ್ಟು ನಮ್ಮ ಮನೆಯವರು ಹಾವೇರಿಯಲ್ಲಿ ಕಿರಾಣಿ ಅಂಗಡಿ ಹಾಕಿದರು. ಸುಮಂಗಲಾ, ಮೈದುನ ರಾಣೆಬೆನ್ನೂರಿನಲ್ಲೇ ಮನೆ ಮಾಡಿದರು. ಅವಳು ಈಗ ಅಲ್ಲಿಯ ಹಿರಿಯ ಶಿಕ್ಷಕಿ. ಹಬ್ಬಕ್ಕೆ ಬಂದಾಗಲೆಲ್ಲ ಹೇಳಬೇಕೆನ್ನುವುದು, ಹೋಳಿಗೆ ಬಡಿಸುವುದರಲ್ಲಿ ಮರೆತ ಹಾಗೆ ಮಾಡುವುದು. ನನ್ನ ಎರಡು ಲೀಟರ್ ಜಿಪುಣತನಕ್ಕೆ ಅವಳ ಹುದ್ದೆ ಹೋಗಿಬಿಡುತ್ತಿತ್ತು ಎಂಬುದು ನೆನಪಾದಾಗಲೆಲ್ಲ ಕಿವಿ ಬಿಸಿಯಾಗುತ್ತಿತ್ತು.

ಏಸಿ ಬಂದ ಮುಂದಿನ ಭಾನುವಾರ ಅವಳು ಬಂದಳು. ತಂಪು ನೋಡಲು ಎಂದಳು, ನೋಡಿದ್ದು ಮಾತ್ರ ಬಾಲ್ಕನಿಯ ಬಕೆಟ್ಟು.

"ಅಯ್ಯ ಅಕ್ಕಾ, ಇದನ್ನೇನ್ ಮಾಡ್ತೀರಿ?"

"ನೆಲಾ ಒರೆಸ್ತೇನಿ."

"ನೆಲಾ ಒರೆಸ್ತೀರಾ! ನನಗ ಕೊಡ್ರಿ, ನಾಳಿ ಒಂಬತ್ತನೇ ವರ್ಗಕ್ಕ ಬೇಕು. ಎರಡು ಲೀಟರ್ ತುಂಬ್ರಿ."

ಕ್ಯಾನು ತಂದು ಬಕೆಟ್ಟಿನ ಮುಂದೆ ಕುಳಿತೆ. ತುಂಬಿದೆ. ಮುಚ್ಚಳ ಕೈಯಲ್ಲೇ ಉಳಿಯಿತು.

"ಸುಮಂಗಲಾ, ಅವತ್ತು ನಾ ತುಂಬಿದ್ದು ಸವಳು."

"ಯಾವತ್ತು?"

"ಬ್ಯಾಡಗಿ ಮನ್ಯಾಗ. ನಿನ್ನ ಪಾಠದ ದಿನ. ಶನಿವಾರ."

ಅವಳು ಚಹದ ಕಪ್ಪು ಕೆಳಗಿಟ್ಟಳು. ನೆನಪು ಮಾಡಿಕೊಳ್ಳುವುದು ಮುಖದ ಮೇಲೆಯೇ ಕಾಣುತ್ತಿತ್ತು. "ಸಿಹಿನೀರು ಅಂದಿದ್ರಿ."

"ಅಂದಿದ್ದೆ."

ಅವಳು ಎದ್ದು, "ಮೂರು ಲೋಟ ಕೊಡ್ರಿ" ಎಂದಳು. ನಾಳೆಯ ಪ್ರಯೋಗದ ಸಾಮಾನು ಚೀಲದಲ್ಲಿತ್ತು. ಅದೇ ಎರಡು ಕರಿ ಕಡ್ಡಿ, ಬಲ್ಬು ಮಾತ್ರ ಹೊಸದು. ಒಂದು ಲೋಟಕ್ಕೆ ಸವಳು ನೀರು, ಒಂದಕ್ಕೆ ನಮ್ಮ ಕುಡಿಯುವ ಸಿಹಿನೀರು, ಒಂದಕ್ಕೆ ಏಸಿಯ ನೀರು. ಮೂರಕ್ಕೂ ಒಂದೊಂದು ಚಮಚ ಸಕ್ಕರೆ. ಕಿಟಕಿಯ ಪರದೆ ಎಳೆದಳು. ಸವಳಿನಲ್ಲಿ ಬಲ್ಬು ಕೆಂಪಗೆ ಹತ್ತಿತು. ಕಡ್ಡಿಗಳನ್ನು ಏಸಿಯ ನೀರಿನಲ್ಲಿ ತೊಳೆದು ಒರೆಸಿ, ಸಿಹಿನೀರಿನ ಲೋಟಕ್ಕೆ ಇಳಿಬಿಟ್ಟಳು. ಮಂಕಾಗಿ, ಆದರೆ ಎದ್ದು ಕಾಣುವ ಹಾಗೆ, ಅಲ್ಲೂ ಹತ್ತಿತು. ಏಸಿಯ ನೀರಿನಲ್ಲಿ ಮಾತ್ರ ಏನೂ ಇಲ್ಲ.

"ನೋಡಿದ್ರೆಲ್ಲ? ಹೊಳಿ ನೀರಿನ್ಯಾಗೂ ಲವಣ ಇರತಾವು. ನಾಲಿಗಿಗೆ ತಿಳಿಯಂಗಿಲ್ಲ, ಈ ಬಲ್ಬಿಗೆ ಅಷ್ಟ ಸಾಕು. ಅವತ್ತು ನೀವು ಸಿಹಿನೀರು ತುಂಬಿದ್ರೂ ಹತ್ತತಿತ್ತು." ಅಷ್ಟು ಹೇಳಿ ಅವಳು ತಟ್ಟನೆ ನಿಂತಳು. ನಗು ಬರತೊಡಗಿತ್ತು. "ಅಕ್ಕಾ, ನೀವು ಖರೇ ಹೇಳಿದ್ರ ನಾ ಏನ್ ಮಾಡ್ತಿದ್ದೆ ಗೊತ್ತೇನು? ಸವಳಂದ್ರ ಹಿಂಗಾತು ಅಂತ ಸೋಮವಾರ ಸಿಹಿನೀರು ಒಯ್ತಿದ್ದೆ. ಮತ್ತ ಹತ್ತತಿತ್ತು. ಹಾವೇರಿ ಮಾಸ್ತರು ಇವತ್ತು ನನ್ನ ಕುರ್ಚಿ ಮ್ಯಾಲೆ ಇರತಿದ್ರು!"

ಇಬ್ಬರೂ ಬಹಳ ನಕ್ಕೆವು. ಒಳಗಿನಿಂದ ನಮ್ಮ ಮನೆಯವರು ಏನದು ಎಂದು ಕೇಳಿದ್ದಕ್ಕೆ ಇನ್ನಷ್ಟು ನಕ್ಕೆವು. ಹದಿನೆಂಟು ವರ್ಷ ಹೊತ್ತದ್ದು ಅಷ್ಟು ಸುಲಭಕ್ಕೆ ಇಳಿಯಿತಲ್ಲ ಎಂದು ನಾನು ಸೆರಗಿನಿಂದ ಕಣ್ಣೊರೆಸಿಕೊಳ್ಳುವಾಗ, ಅವಳು ನಗು ನಿಲ್ಲಿಸಿ ಮೆಲ್ಲಗೆ ಹೇಳಿದಳು.

"ಹಂಗಂತ ಸುಳ್ಳು ಹೇಳಿದ್ದು ಛಲೋ ಆತು ಅನ್ನಂಗಿಲ್ಲ ನಾ. ಕೇಳಿದಾಗ ಹೇಳಬೇಕಿತ್ತು. ಆ ಎರಡು ದಿನ ನನ್ನ ಕೈ ಮ್ಯಾಲಿನ ನಂಬಿಕಿನ ನನಗ ಹೋಗಿತ್ತು, ಅಕ್ಕಾ."

ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದ ಹುಡುಗಿ ನೆನಪಾದಳು. ನಾನು ಯಾವುದಕ್ಕೆ ಅಂಜಿದ್ದೆನೋ ಆ ನೀರಿನ ತಪ್ಪು ತಪ್ಪೇ ಆಗಿರಲಿಲ್ಲ. ಲೆಕ್ಕಕ್ಕೇ ಹಿಡಿಯದ ಸುಳ್ಳಿನ ತಪ್ಪು ಅಲ್ಲೇ ಇತ್ತು. "ಹೌದು, ಹೇಳಬೇಕಿತ್ತು" ಎಂದೆ.

ಸಕ್ಕರೆ ಹಾಕಿದ ಸಿಹಿನೀರನ್ನು ಮೋರಿಗೆ ಚೆಲ್ಲಲು ನಮ್ಮಿಬ್ಬರಿಗೂ ಕೈ ಬರಲಿಲ್ಲ. ಒಂದೇ ಲೋಟ. ಕಡ್ಡಿ ಅದ್ದಿದ್ದು, ಕುಡಿಯುವ ಹಾಗಿಲ್ಲ. ಬಾಲ್ಕನಿಯ ತುಳಸಿಗೆ ಹಾಕಿದೆ. ನನ್ನ ಕೈಯಿಂದ ಆ ಗಿಡ ಸಿಹಿನೀರು ಕಂಡದ್ದು ಅದೇ ಮೊದಲು. ಆಮೇಲೆ ಬೇರೆ ನೀರಿಗೆ ನಿಂಬೆಹಣ್ಣು ಹಿಂಡಿ ಶರಬತ್ತು ಮಾಡಿದೆ. ಒಂದು ಚಿಟಿಕೆ ಉಪ್ಪು ಹಾಕುವಾಗ, "ಈಗ ನೋಡ್ರಿ ಜೋರ್ ಹತ್ತತೈತಿ" ಎಂದಳು ಅವಳು.

ಅವಳು ಬಸ್ಸಿಗೆ ಹೋದ ಮೇಲೆ ಟ್ರಂಕು ತೆಗೆದು ಆ ವರ್ಷದ ಕ್ಯಾಲೆಂಡರು ಹುಡುಕಿದೆ. ಗೋಡೆಯ ಮೇಲಿದ್ದಾಗ ಕಿಟಕಿಯ ಬಿಸಿಲಿಗೆ ಅದರ ಕೆಂಪು ಅಂಕಿಗಳೆಲ್ಲ ಬಿಳುಚಿ ಹಳೆಯ ಮೆಣಸಿನಕಾಯಿಯ ಬಣ್ಣಕ್ಕೆ ತಿರುಗಿವೆ. ಪೆನ್ಸಿಲಿನ ಬರಹ ಮಾತ್ರ ಬರೆದಷ್ಟೇ ಕಪ್ಪಗಿದೆ. ಇಂಗಾಲ ಬಿಸಿಲಿಗೆ ಅಂಜುವುದಿಲ್ಲ ಎಂದು ಅವಳೇ ಒಮ್ಮೆ ಹೇಳಿದ್ದಳು. 'ಸು. ಶಾಲೆ, ಸಿಹಿ ೨ ಲೀ.'

ಅಳಿಸಬಹುದಿತ್ತು, ರಬ್ಬರು ಪಕ್ಕದಲ್ಲೇ ಇತ್ತು. ಅಳಿಸಲಿಲ್ಲ. 'ಸಿಹಿ'ಯ ಮೇಲೆ ಒಂದು ಗೆರೆ ಎಳೆದು, ಅದರ ಕೆಳಗೆ ಪೆನ್ಸಿಲಿನಲ್ಲೇ 'ಸವಳು' ಎಂದು ಬರೆದು, ಸುರುಳಿ ಸುತ್ತಿ ಒಳಗಿಟ್ಟೆ.